ಮರುಭೂಮಿಯ ಪತ್ತೇದಾರರು



ಫೀನಿಕ್ಸ್ ನಗರದಲ್ಲಿ ಮಗನ ಮನೆಯಲ್ಲಿ ಕಳೆದ ಆರು ತಿಂಗಳುಗಳ ಬಗ್ಗೆ ಹಿಂದೊಮ್ಮೆ ಬರೆಯುವಾಗ, ಅಲ್ಲಿ ಪತ್ತೇದಾರಿ ಕಾದಂಬರಿಗಳನ್ನು ಓದಿ ಹೊತ್ತು ಕಳೆದೆನೆಂದು ಒಂದು ಸಾಲು ಸೇರಿಸಿದ್ದೆ. ಅದಕ್ಕೆ ಬಂದಷ್ಟು ಪತ್ರಗಳು ನನ್ನ ಹೊಯ್ಸಳ ಶಿಲ್ಪದ ಲೇಖನಮಾಲೆಗೂ ಬಂದಿರಲಿಲ್ಲ! "ಸಾರ್, ಒಂಬತ್ತನೆಯ ತರಗತಿಯಲ್ಲಿ ಪಾಣಿಪತ್ ಕದನದ ಪಾಠ ನಡೆಯುತ್ತಿದ್ದಾಗ ನನ್ನ 'ಪತ್ತೇದಾರ ಪುರುಷೋತ್ತಮ'ನನ್ನು ಕಿತ್ತುಕೊಂಡು ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದವರು ತಾವೇ ಅಲ್ಲವೇ?" ಎಂದು ಹಳೆಯ ಶಿಷ್ಯನೊಬ್ಬ ಕೇಳಿದ್ದಾನೆ. ಹೌದಪ್ಪಾ, ನಾನೇ. ಎನ್. ನರಸಿಂಹಯ್ಯನವರ ಆ ಪುಸ್ತಕಗಳನ್ನು ನಾನೂ ಬಾಲ್ಯದಲ್ಲಿ ಭೂಗೋಳದ ಪುಸ್ತಕದೊಳಗಿಟ್ಟು ಓದಿದವನೇ. ಕಳ್ಳನನ್ನು ಹಿಡಿಯಲು ಕಳ್ಳನೇ ಬೇಕಲ್ಲವೇ?

ಆ ಶಿಷ್ಯನ ಪ್ರಶ್ನೆಗೆ ಉತ್ತರವಾಗಿ ಈ ಬರಹ. ಅಮೆರಿಕದ ನೈಋತ್ಯ ಮರುಭೂಮಿ, ಅಂದರೆ ಅರಿಝೋನಾ, ನ್ಯೂ ಮೆಕ್ಸಿಕೋ ಮತ್ತು ಅವುಗಳಿಗೆ ಹೊಂದಿಕೊಂಡ ಯೂಟಾ, ಟೆಕ್ಸಾಸ್‌ಗಳ ಭಾಗಗಳು, ಕೊಲೆಯ ಕತೆಗಳಿಗೆ ಒಂದು ಪ್ರತ್ಯೇಕ ನೆಲೆಯಾಗಿ ಬೆಳೆದದ್ದು ಹೇಗೆ, ಅಲ್ಲಿ ಪೊಲೀಸನಲ್ಲದ ಸಾಮಾನ್ಯ ಮನುಷ್ಯ ಪತ್ತೇದಾರನಾಗಬೇಕಾದದ್ದು ಏಕೆ ಎಂಬುದು ನನ್ನ ವಿಷಯ. ಇತಿಹಾಸದ ಮೇಷ್ಟ್ರಾದ್ದರಿಂದ ಕತೆಗಿಂತ ಕತೆಯ ಹಿಂದಿನ ಸಂಗತಿಗಳತ್ತ ನನ್ನ ಗಮನ ಹೆಚ್ಚಾಗಿ ಹೋಗಿದೆ. ಕ್ಷಮೆಯಿರಲಿ.

ಹವ್ಯಾಸಿ ಪತ್ತೇದಾರ ಎಂಬ ಕಲ್ಪನೆ ಹಳೆಯದು. ಅಗಾಥಾ ಕ್ರಿಸ್ಟಿಯವರ ಮಿಸ್ ಮಾರ್ಪಲ್ ಹೆಣಿಗೆ ಹೆಣೆಯುತ್ತ ಕೂತಲ್ಲಿಯೇ ಕೊಲೆಗಾರನನ್ನು ಗುರುತಿಸುವ ಅಜ್ಜಿ. ಆದರೆ ಇಂಗ್ಲೆಂಡಿನ ಆ ಹಳ್ಳಿಯಲ್ಲಿ ಚರ್ಚಿನ ಪಾದ್ರಿ, ಅಂಚೆ ಕಚೇರಿ, ಸೈಕಲ್ ಏರಿದ ಪೊಲೀಸ್ ಪೇದೆ, ಎಲ್ಲರೂ ಕೂಗಳತೆಯಲ್ಲಿಯೇ ಇದ್ದಾರೆ. ಅಜ್ಜಿಯ ಪತ್ತೇದಾರಿಕೆ ಒಂದು ವಿನೋದ, ಬುದ್ಧಿಯ ಆಟ. ಅದೇ ಆಟವನ್ನು ನೀರಿಲ್ಲದ, ನೆರಳಿಲ್ಲದ, ಮುಂದಿನ ಮನೆ ಹತ್ತಾರು ಮೈಲಿ ದೂರವಿರುವ ಬಯಲಿನಲ್ಲಿ ಆಡಲಾಗುವುದಿಲ್ಲ.

ಈ ನಾಡಿನ ಕತೆಗಳಲ್ಲಿ ಹಳೆಯವುಗಳಲ್ಲೊಂದು ಫ್ರಾನ್ಸಿಸ್ ಕ್ರೇನ್ ಎಂಬ ಲೇಖಕಿಯ 'ದ ಟರ್ಕಾಯ್ಸ್ ಶಾಪ್'. 1941ರಲ್ಲಿ ಪ್ರಕಟವಾದದ್ದು. ನೀಲಮಣಿಯಂಥ ಟರ್ಕಾಯ್ಸ್ ಕಲ್ಲಿನ ಒಡವೆಗಳನ್ನು ಮಾರುವ ಅಂಗಡಿಯೊಡತಿ ಜೀನ್ ಹಾಲಿ ಎಂಬ ತರುಣಿ ಕತೆಯನ್ನು ನಿರೂಪಿಸುತ್ತಾಳೆ. ಊರಿನ ಹೆಸರು ಸಾಂಟಾ ಮರೀಯಾ ಎಂದಿದ್ದರೂ ಅದು ನ್ಯೂ ಮೆಕ್ಸಿಕೋದ ಟಾವೋಸ್ ಎಂದು ಆ ಕಡೆಯವರಿಗೆಲ್ಲ ತಿಳಿದಿತ್ತು. ಚಿತ್ರಕಾರರು, ಕವಿಗಳು, ಹಣವಂತ ವಿಧವೆಯರು ಬಂದು ನೆಲೆಸಿದ್ದ ಊರದು. ಕ್ರೇನ್ ಈ ಮಾಲೆಯಲ್ಲಿ ಇಪ್ಪತ್ತಾರು ಕಾದಂಬರಿಗಳನ್ನು ಬರೆದರು. ಬಹುತೇಕ ಎಲ್ಲದರ ಹೆಸರಿನಲ್ಲಿಯೂ ಒಂದು ಬಣ್ಣವಿದೆ. ಮೊದಲನೆಯದನ್ನು ಓದಿದೆ, ಹಿತವಾಗಿದೆ. ಆದರೆ ಮರುಭೂಮಿ ಅಲ್ಲಿ ಬರೀ ಪರದೆಯ ಮೇಲಿನ ಚಿತ್ರ. ಮೂಲನಿವಾಸಿಗಳು ಒಡವೆ ಮಾರಲು ಬಂದು ಹೋಗುತ್ತಾರೆ, ಅಷ್ಟೆ.

ಅದೇ ಟಾವೋಸಿನಲ್ಲಿ ಹನ್ನೆರಡು ವರ್ಷಗಳ ಹಿಂದೆ ನಿಜವಾಗಿಯೇ ನಡೆದದ್ದು ಎಷ್ಟೋ ಹೆಚ್ಚು ವಿಚಿತ್ರ. 1929ರ ಜುಲೈ 3ರಂದು ಆರ್ಥರ್ ಮ್ಯಾನ್ಬಿ ಎಂಬ ಇಂಗ್ಲೆಂಡ್ ಮೂಲದ ಜಮೀನುದಾರ ತನ್ನ ಮನೆಯಲ್ಲಿ ಶವವಾಗಿ ಸಿಕ್ಕ. ರುಂಡ ಮುಂಡ ಬೇರೆ ಬೇರೆ. ಸಹಜ ಸಾವು, ಬಳಿಕ ಸಾಕುನಾಯಿ ಕಚ್ಚಿದ್ದರಿಂದ ಹೀಗಾಗಿದೆ ಎಂದು ಪಂಚರು ತೀರ್ಮಾನಿಸಿ ಹೂಳಿಸಿದರು! ಆಮೇಲೆ ಅನುಮಾನ ಬಂದು ಶವವನ್ನು ಹೊರತೆಗೆಸಿದರೂ ಕೊಂದವರು ಯಾರೆಂದು ಇಂದಿಗೂ ಇತ್ಯರ್ಥವಾಗಿಲ್ಲ. ಹಳೆಯ ಸ್ಪ್ಯಾನಿಷ್ ಜಮೀನು ದತ್ತಿಯೊಂದನ್ನು ಕುಟಿಲತನದಿಂದ ಕೈವಶ ಮಾಡಿಕೊಂಡಿದ್ದ ಆತನಿಗೆ ವೈರಿಗಳಿಗೆ ಕೊರತೆಯಿರಲಿಲ್ಲ.

ಈಗ ನನ್ನ ಮನಸ್ಸನ್ನು ಕಲಕಿದ ಪುಸ್ತಕಕ್ಕೆ ಬರುತ್ತೇನೆ. ಡೊರೊಥಿ ಬಿ. ಹ್ಯೂಸ್ (1904–1993) ಕವಿಯಾಗಿ ಆರಂಭಿಸಿ, ನ್ಯೂ ಮೆಕ್ಸಿಕೋದ ಪತ್ರಿಕೆಯೊಂದರಲ್ಲಿ ಪತ್ತೇದಾರಿ ಪುಸ್ತಕಗಳ ವಿಮರ್ಶೆ ಬರೆಯುತ್ತ, ತಾವೇ ಆ ಪ್ರಕಾರದ ಮೇಲ್ಮಟ್ಟದ ಲೇಖಕಿಯಾದವರು. ಅವರ ಕೊನೆಯ ಕಾದಂಬರಿ 'ದ ಎಕ್ಸ್‌ಪೆಂಡಬಲ್ ಮ್ಯಾನ್' 1963ರಲ್ಲಿ ಬಂತು. ಹ್ಯೂ ಡೆನ್ಸ್‌ಮೋರ್ ಎಂಬ ತರುಣ ವೈದ್ಯ ಲಾಸ್ ಏಂಜಲೀಸಿನಿಂದ ಫೀನಿಕ್ಸಿಗೆ ಬಂಧುಗಳ ಮದುವೆಗೆಂದು ಕಾರಿನಲ್ಲಿ ಹೊರಟಿದ್ದಾನೆ. ಮರುಭೂಮಿಯ ಹೆದ್ದಾರಿಯಲ್ಲಿ ಒಬ್ಬಂಟಿ ಹುಡುಗಿ ಕೈ ಅಡ್ಡ ಹಿಡಿಯುತ್ತಾಳೆ. ಹತ್ತಿಸಿಕೊಳ್ಳಬೇಕೋ ಬೇಡವೋ? ಕತ್ತಲಾಗುವ ಮುನ್ನ ಅವಳನ್ನು ಅಲ್ಲಿ ಬಿಟ್ಟುಹೋಗಲು ಮನಸ್ಸು ಬಾರದೆ ಹತ್ತಿಸಿಕೊಳ್ಳುತ್ತಾನೆ. ಕೆಲವೇ ದಿನಗಳಲ್ಲಿ ಆ ಹುಡುಗಿಯ ಶವ ಫೀನಿಕ್ಸಿನ ಕಾಲುವೆಯಲ್ಲಿ ಸಿಗುತ್ತದೆ.

ಓದುತ್ತ ಹೋದಂತೆ ನನಗೆ ಒಂದು ಗೊಂದಲವಿತ್ತು. ಈ ಸಭ್ಯ, ವಿದ್ಯಾವಂತ ಯುವಕ ಇಷ್ಟೊಂದು ಹೆದರುವುದೇಕೆ? ಹುಡುಗಿಯನ್ನು ಹತ್ತಿಸಿಕೊಳ್ಳುವ ಮುನ್ನವೇ ಹಿಂದೆ ಮುಂದೆ ನೋಡುತ್ತಾನೆ, ಪೊಲೀಸರ ಕಾರು ಕಂಡರೆ ಬೆವರುತ್ತಾನೆ. ಪುಸ್ತಕದ ಸುಮಾರು ಕಾಲುಭಾಗ ಕಳೆಯುತ್ತಿರುವಂತೆ ಒಬ್ಬ ಪೊಲೀಸನ ಬಾಯಿಂದ ಬರುವ ಮಾತಿನಲ್ಲಿ ಕಾರಣ ತಿಳಿಯುತ್ತದೆ: ಹ್ಯೂ ಕಪ್ಪು ಜನಾಂಗದವನು. (ಪತ್ತೇದಾರಿ ಕತೆಯ ಗುಟ್ಟು ಬಿಟ್ಟುಕೊಡಬಾರದೆಂಬುದು ಧರ್ಮ. ಆದರೆ ಇದೊಂದನ್ನು ಹೇಳದೆ ಈ ಪುಸ್ತಕದ ವಿಷಯವೇ ಮಾತನಾಡಲಾಗದು. ಕೊಲೆಗಾರನ ಹೆಸರನ್ನು ಮಾತ್ರ ಹೇಳುವುದಿಲ್ಲ.) ನಾನು ಆ ಪುಟದಲ್ಲಿ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ವೈದ್ಯ, ಒಳ್ಳೆಯ ಮನೆತನ, ದೊಡ್ಡ ಕಾರು ಎಂದೊಡನೆ ನಾನು ಅವನಿಗೆ ಬಿಳಿಯ ಮುಖವನ್ನು ಕೊಟ್ಟುಬಿಟ್ಟಿದ್ದೆ. ಮೂವತ್ತು ವರ್ಷಕ್ಕೂ ಮಿಕ್ಕಿ ಮಕ್ಕಳಿಗೆ ಸಮಾನತೆಯ ಪಾಠ ಹೇಳಿದವನು! ಲೇಖಕಿ ಹಿಡಿಯಹೊರಟದ್ದು ಕೊಲೆಗಾರನನ್ನು ಮಾತ್ರವಲ್ಲ.

ಹ್ಯೂ ಪತ್ತೇದಾರನಾಗುವುದು ಹವ್ಯಾಸಕ್ಕಲ್ಲ. ಪೊಲೀಸರು ಅವನನ್ನೇ ಅಪರಾಧಿಯೆಂದು ಆಗಲೇ ಮನಸ್ಸಿನಲ್ಲಿ ಬರೆದುಕೊಂಡಾಗಿದೆ. ನಿಜವಾದ ಕೊಲೆಗಾರನನ್ನು ತಾನೇ ಹುಡುಕದಿದ್ದರೆ ಬೇರಾರೂ ಹುಡುಕುವುದಿಲ್ಲ. ಆ ಕಾಲದ ಫೀನಿಕ್ಸ್ ಹೇಗಿತ್ತೆಂಬುದನ್ನೂ ನೆನಪಿಡಬೇಕು. ಅಲ್ಲಿ ಕಪ್ಪು ವಿದ್ಯಾರ್ಥಿಗಳಿಗೆಂದೇ ಪ್ರತ್ಯೇಕ ಹೈಸ್ಕೂಲು ಇತ್ತು. ಅಂಥ ಪ್ರತ್ಯೇಕತೆ ಸಲ್ಲದೆಂದು ಅರಿಝೋನಾದ ನ್ಯಾಯಾಲಯ ಹೇಳಿದ್ದು 1953ರಲ್ಲಿ, ಅಮೆರಿಕದ ಸರ್ವೋಚ್ಚ ನ್ಯಾಯಾಲಯದ ಪ್ರಸಿದ್ಧ ತೀರ್ಪಿಗೆ ಒಂದು ವರ್ಷ ಮೊದಲು. ಬಿಳಿಯರು ಇತರ ಜನಾಂಗದವರನ್ನು ಮದುವೆಯಾಗಬಾರದೆಂಬ ಕಾನೂನು ಅಲ್ಲಿ ರದ್ದಾದದ್ದು 1962ರಲ್ಲಿ, ಕಾದಂಬರಿ ಬರುವ ಹಿಂದಿನ ವರ್ಷ.

ಆ ಕಾಲುವೆಗಳ ದಂಡೆಯ ಮೇಲೆ ನಾನು ದಿನವೂ ಬೆಳಗಿನ ವಾಯುಸೇವನೆಗೆ ಹೋಗುತ್ತಿದ್ದೆ. ಹೊಹೊಕಾಮ್ ಎಂಬ ಪುರಾತನ ಜನ ಶತಮಾನಗಳ ಹಿಂದೆ ತೋಡಿದ್ದ ಕಾಲುವೆಗಳ ಜಾಡಿನಲ್ಲಿಯೇ ಇಂದಿನ ಅನೇಕ ಕಾಲುವೆಗಳು ಹರಿಯುತ್ತವೆ. ಅಳಿದುಹೋದ ನಾಗರಿಕತೆಯ ಬೂದಿಯಿಂದ ಎದ್ದದ್ದೆಂದೇ ಊರಿಗೆ ಫೀನಿಕ್ಸ್ ಎಂಬ ಹೆಸರು. ಹ್ಯೂಸರ ಪುಸ್ತಕ ಓದಿದ ಮೇಲೆ ಒಂದು ವಾರ ನಾನು ದಂಡೆ ಬಿಟ್ಟು ಬಡಾವಣೆಯ ರಸ್ತೆಯಲ್ಲೇ ನಡೆದೆ. ಸೊಸೆ ನಕ್ಕಳು.

ಇನ್ನು ಟೋನಿ ಹಿಲ್ಲರ್‌ಮನ್ (1925–2008). ಮರುಭೂಮಿಯ ಪತ್ತೇದಾರಿ ಕತೆ ಎಂದೊಡನೆ ಅಮೆರಿಕದಲ್ಲಿ ಎಲ್ಲರೂ ಹೇಳುವ ಹೆಸರು ಇದೇ. ಓಕ್ಲಹೋಮಾದ ಬಡ ರೈತನ ಮಗ. ಪೊಟವಾಟಮಿ ಬುಡಕಟ್ಟಿನ ಹೆಣ್ಣುಮಕ್ಕಳಿಗಾಗಿದ್ದ ಶಾಲೆಯಲ್ಲಿ ಓದಿದ ಗಂಡುಹುಡುಗ. ಎರಡನೆಯ ಮಹಾಯುದ್ಧದಲ್ಲಿ ತೀವ್ರವಾಗಿ ಗಾಯಗೊಂಡು 1945ರಲ್ಲಿ ಊರಿಗೆ ಮರಳಿದ. ಆ ಬೇಸಿಗೆಯಲ್ಲಿ ತೈಲಬಾವಿಯ ಯಂತ್ರಸಾಮಗ್ರಿ ತುಂಬಿದ ಲಾರಿಯನ್ನು ನ್ಯೂ ಮೆಕ್ಸಿಕೋದ ನವಾಹೋ ಸೀಮೆಗೆ ಓಡಿಸಿಕೊಂಡು ಹೋಗುತ್ತಿದ್ದಾಗ, ಕುದುರೆಯೇರಿ ಬಣ್ಣ ಬಳಿದುಕೊಂಡ ಜನರ ಗುಂಪು ರಸ್ತೆ ದಾಟುವುದನ್ನು ಕಂಡ. ಯುದ್ಧದಿಂದ ಮರಳಿದ ನವಾಹೋ ಸೈನಿಕರನ್ನು ಸಾವಿನ ಸೋಂಕಿನಿಂದ ಶುದ್ಧಗೊಳಿಸಿ ಸಮಾಜಕ್ಕೆ ಹಿಂದಿರುಗಿಸಿಕೊಳ್ಳುವ 'ಎನಿಮಿ ವೇ' ಎಂಬ ಆಚರಣೆ ಅದು. ಹಿಲ್ಲರ್‌ಮನ್ ಕೂಡ ಯುದ್ಧದಿಂದ ಮರಳಿದ ಸೈನಿಕನೇ. ಆತನಿಗಾಗಿ ಹಾಗೆ ಯಾರೂ ಹಾಡಿ ಶುದ್ಧಿ ಮಾಡಿರಲಿಲ್ಲ. ಆ ದೃಶ್ಯವನ್ನು ಮರೆಯದೆ, ಇಪ್ಪತ್ತೈದು ವರ್ಷಗಳ ನಂತರ, ಪತ್ರಿಕೋದ್ಯಮದ ಪ್ರಾಧ್ಯಾಪಕನಾಗಿದ್ದಾಗ, 1970ರಲ್ಲಿ ಪ್ರಕಟಿಸಿದ ಮೊದಲ ಕಾದಂಬರಿ 'ದ ಬ್ಲೆಸಿಂಗ್ ವೇ'ಯಲ್ಲಿ ತಂದಿದ್ದಾನೆ.

ಆ ಕಾದಂಬರಿಯ ಕರಡಿನಲ್ಲಿ ನಾಯಕನಾಗಿದ್ದವನು ಮಾನವಶಾಸ್ತ್ರದ ಬಿಳಿಯ ಪ್ರಾಧ್ಯಾಪಕನೊಬ್ಬ. ಅಪ್ಪಟ ಹವ್ಯಾಸಿ ಪತ್ತೇದಾರ. ನವಾಹೋ ಪೊಲೀಸ್ ಅಧಿಕಾರಿ ಜೋ ಲೀಪ್‌ಹಾರ್ನ್ ನಡುವೆ ಬಂದುಹೋಗುವ ಸಣ್ಣ ಪಾತ್ರ. ಇಂಡಿಯನ್ನರ ವಿಷಯವನ್ನೆಲ್ಲ ತೆಗೆದುಹಾಕುವುದೊಳ್ಳೆಯದೆಂದು ಸಾಹಿತ್ಯದ ಏಜೆಂಟರು ಸಲಹೆ ಕೊಟ್ಟರಂತೆ! ಪ್ರಕಾಶನ ಸಂಸ್ಥೆಯ ಸಂಪಾದಕಿ ಜೋನ್ ಕಾನ್ ಅದಕ್ಕೆ ತದ್ವಿರುದ್ಧವಾಗಿ, ಲೀಪ್‌ಹಾರ್ನನ ಪಾತ್ರವನ್ನು ಬೆಳೆಸುವಂತೆ ಹೇಳಿದರು. ಹೀಗೆ ಪ್ರಾಧ್ಯಾಪಕ ಹಿಂದೆ ಸರಿದ, ಪೊಲೀಸ್ ಮುಂದೆ ಬಂದ. 1973ರ 'ಡಾನ್ಸ್ ಹಾಲ್ ಆಫ್ ದ ಡೆಡ್' ಮರುವರ್ಷ ಎಡ್ಗರ್ ಪ್ರಶಸ್ತಿ ಪಡೆಯಿತು. 1980ರಲ್ಲಿ ಜಿಮ್ ಚೀ ಎಂಬ ಕಿರಿಯ ಅಧಿಕಾರಿ ಜೊತೆಗೂಡಿದ.

ಹಾಗಾದರೆ ಪೊಲೀಸರ ಕತೆಯನ್ನು ಹವ್ಯಾಸಿಗಳ ಸಾಲಿಗೆ ಸೇರಿಸುವುದೇಕೆ ಎಂದು ನೀವು ಕೇಳಬಹುದು. ಇಲ್ಲಿಯೇ ಇತಿಹಾಸ ಬರುತ್ತದೆ. 1864ರಲ್ಲಿ ಅಮೆರಿಕದ ಸೇನೆ ನವಾಹೋ ಜನರನ್ನು ಸ್ವಂತ ನೆಲದಿಂದ ಎಬ್ಬಿಸಿ, ನೂರಾರು ಮೈಲಿ ನಡೆಸಿ, ಬೋಸ್ಕೆ ರೆಡೊಂಡೊ ಎಂಬಲ್ಲಿ ಕೂಡಿಹಾಕಿತು. 1868ರ ಒಪ್ಪಂದದ ನಂತರ ಅವರು ಮರಳಿದರು. ಇಂದು ಅವರ ಸೀಮೆ ಸುಮಾರು 27,000 ಚದರ ಮೈಲಿ; ನಮ್ಮ ಕರ್ನಾಟಕದ ಮೂರನೆಯ ಒಂದು ಭಾಗಕ್ಕೂ ಮಿಗಿಲು. ಅವರದೇ ಆಡಳಿತ, ನ್ಯಾಯಾಲಯ, ಪೊಲೀಸ್ ಪಡೆ ಎಲ್ಲ ಇವೆ. ಆದರೆ 1885ರ ಕಾನೂನೊಂದರ ಪ್ರಕಾರ ಬುಡಕಟ್ಟಿನ ಸೀಮೆಯಲ್ಲಿ ಮೂಲನಿವಾಸಿಯೊಬ್ಬ ಮಾಡಿದ ಕೊಲೆಯಂಥ ಘೋರ ಅಪರಾಧ ಒಕ್ಕೂಟ ಸರ್ಕಾರಕ್ಕೆ ಸೇರಿದ್ದು. ತನಿಖೆಗೆ ಎಫ್‌ಬಿಐ ಬರಬೇಕು. 1978ರಲ್ಲಿ ಸರ್ವೋಚ್ಚ ನ್ಯಾಯಾಲಯ ಇನ್ನೊಂದು ತೀರ್ಪು ಕೊಟ್ಟಿತು: ಹೊರಗಿನವನು ಬಂದು ಅಪರಾಧ ಮಾಡಿದರೆ ಬುಡಕಟ್ಟಿನ ನ್ಯಾಯಾಲಯ ಅವನನ್ನು ವಿಚಾರಿಸುವಂತಿಲ್ಲ.

ಅಂದರೆ ಕೊಲೆಯಾದ ಸ್ಥಳಕ್ಕೆ ಮೊದಲು ತಲುಪುವವನು ಲೀಪ್‌ಹಾರ್ನ್. ಭಾಷೆ ಬಲ್ಲವನು, ಯಾರ ಅಜ್ಜಿ ಯಾವ ಕುಲದವಳೆಂದು ತಿಳಿದವನು, ಮರಳಿನ ಮೇಲಿನ ಹೆಜ್ಜೆಯನ್ನು ಓದಬಲ್ಲವನು ಅವನೇ. ಆದರೆ ಪ್ರಕರಣ ಅವನದಲ್ಲ! ನಗರದಿಂದ ಟೈ ಕಟ್ಟಿಕೊಂಡು ಬಂದ ಅಧಿಕಾರಿಗೆ ಒಪ್ಪಿಸಿ ಅವನು ಬದಿಗೆ ನಿಲ್ಲಬೇಕು; ಆಮೇಲೆ ತನ್ನ ಮನಸ್ಸಮಾಧಾನಕ್ಕೆ ತಾನೇ ಹುಡುಕಬೇಕು. ಅಧಿಕಾರದ ಬಿಲ್ಲೆ ಎದೆಯ ಮೇಲಿದ್ದೂ ಅವನೊಬ್ಬ ಹವ್ಯಾಸಿ. ಇದು ಕತೆಗಾರನ ಕಲ್ಪನೆಯೇನಲ್ಲ. ಯಾವ ಪ್ರಕರಣ ಯಾರಿಗೆ ಸೇರಿದ್ದೆಂಬ ಈ ತೊಡಕಿನಲ್ಲಿ, ಕಾಣೆಯಾದ ಮತ್ತು ಕೊಲೆಯಾದ ಎಷ್ಟೋ ಮೂಲನಿವಾಸಿ ಹೆಣ್ಣುಮಕ್ಕಳ ಪ್ರಕರಣಗಳು ಯಾರ ಕೈಗೂ ಹತ್ತದೆ ಉಳಿದಿವೆ. ಅದನ್ನು ಸರಿಪಡಿಸಲು ಅಮೆರಿಕದ ಸಂಸತ್ತು 2020ರಲ್ಲಿ ಎರಡು ಕಾನೂನುಗಳನ್ನು ಮಾಡಬೇಕಾಯಿತು. ಮನೆಯವರೇ ಹುಡುಕಾಟಕ್ಕೆ ಹೊರಡುವುದು ಅಲ್ಲಿ ಕಾದಂಬರಿಯ ವಿಷಯ ಮಾತ್ರವಲ್ಲ.

ಇನ್ನೊಂದು ತೊಡಕು ನಮ್ಮವರಿಗೆ ಬೇಗ ಅರ್ಥವಾಗುವಂಥದು. ನವಾಹೋ ಸಂಪ್ರದಾಯದಲ್ಲಿ ಶವದ ಸಮೀಪ ಹೋಗುವುದು ಅಪಾಯ. ಸತ್ತವನ ಹೆಸರೆತ್ತಬಾರದು. ಮನೆಯೊಳಗೆ ಸಾವು ಸಂಭವಿಸಿದರೆ ಉತ್ತರದ ಗೋಡೆಯನ್ನು ಒಡೆದು, ಆ ಮನೆಯನ್ನೇ ಬಿಟ್ಟುಹೋಗುವ ಪದ್ಧತಿಯಿತ್ತು. ಸತ್ತವನಲ್ಲಿದ್ದ ಕೆಡುಕಿನ ಅಂಶ 'ಚಿಂಡಿ'ಯಾಗಿ ಅಲ್ಲಿ ಉಳಿಯುತ್ತದೆಂಬ ನಂಬಿಕೆ. ನಮ್ಮ ಸೂತಕ ಹತ್ತೋ ಹದಿಮೂರೋ ದಿನಗಳಿಗೆ ಕಳೆಯುತ್ತದೆ, ಅವರದು ಹಾಗಲ್ಲ. ಇಂಥ ಜನರಲ್ಲಿ ಒಬ್ಬ ಕೊಲೆಯ ತನಿಖೆ ಮಾಡುವುದೆಂದರೇನು? ಲೀಪ್‌ಹಾರ್ನ್ ಇದನ್ನೆಲ್ಲ ನಂಬುವುದಿಲ್ಲ, ಆದರೆ ನಂಬುವವರನ್ನು ಅರಿತಿದ್ದಾನೆ. ಚೀ ನಂಬುತ್ತಾನೆ, ಶುದ್ಧಿಯ ಹಾಡುಗಳನ್ನು ಹಾಡುವ ಪುರೋಹಿತನಾಗಲು ಕಲಿಯುತ್ತಲೇ ಹೆಣಗಳ ನಡುವೆ ಕೆಲಸ ಮಾಡುತ್ತಾನೆ. ಅವನ ಈ ಇಬ್ಬಂದಿತನ ನನಗೆ ಕೊಲೆಯ ಒಗಟಿಗಿಂತ ಹೆಚ್ಚು ಇಷ್ಟವಾಯಿತು. ಕೆಟ್ಟದ್ದನ್ನು ಮಾಡುವವನನ್ನು ಬಂಧುಗಳೇ ಇಲ್ಲದವನಂತೆ ವರ್ತಿಸುತ್ತಾನೆ ಎನ್ನುವುದು ನವಾಹೋ ಜನರ ಮಾತಿನ ರೂಢಿ. ನಮ್ಮ ಹಿರಿಯರು 'ಹೇಳುವವರು ಕೇಳುವವರು ಇಲ್ಲದವನು' ಎನ್ನುತ್ತಿದ್ದುದು ನೆನಪಾಗುತ್ತದೆ.

ಹಿಲ್ಲರ್‌ಮನ್ ತನಗೆ ದಾರಿ ತೋರಿಸಿದವನೆಂದು ಸ್ಮರಿಸುತ್ತಿದ್ದುದು ಇನ್ನೊಂದು ಮರುಭೂಮಿಯ ಲೇಖಕನನ್ನು: ಆಸ್ಟ್ರೇಲಿಯಾದ ಆರ್ಥರ್ ಅಪ್‌ಫೀಲ್ಡ್. ಇವನದೊಂದು ಮೈನಡುಗಿಸುವ ಪ್ರಸಂಗವಿದೆ, ಹೇಳದೆ ಮುಂದೆ ಹೋಗಲಾರೆ. 1929ರಲ್ಲಿ ಅಪ್‌ಫೀಲ್ಡ್ ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಮೊಲಗಳನ್ನು ತಡೆಯಲು ಹಾಕಿದ್ದ ನೂರಾರು ಮೈಲಿ ಬೇಲಿಯನ್ನು ಕಾಯುವ ಕೆಲಸದಲ್ಲಿದ್ದ. ಕುರುಹೇ ಉಳಿಯದಂತೆ ಶವವನ್ನು ಇಲ್ಲವಾಗಿಸುವುದು ಹೇಗೆಂಬ ಪ್ರಶ್ನೆ ಕಾದಂಬರಿಗೆ ಬೇಕಾಗಿತ್ತು. ರಾತ್ರಿಯ ಹೊತ್ತು ಜೊತೆಗಾರರೊಡನೆ ಚರ್ಚಿಸಿದ. ಕೇಳುತ್ತ ಕುಳಿತವರಲ್ಲಿ ಸ್ನೋವಿ ರೌಲ್ಸ್ ಎಂಬವನೂ ಒಬ್ಬ. ಕೆಲವೇ ತಿಂಗಳುಗಳಲ್ಲಿ ಆ ಪ್ರದೇಶದಲ್ಲಿ ಮೂವರು ಕಾಣೆಯಾದರು. ಕೊನೆಗೆ ಬೂದಿಯಲ್ಲಿ ಸಿಕ್ಕ ಒಂದು ಮದುವೆಯ ಉಂಗುರ, ಅದನ್ನು ಅಕ್ಕಸಾಲಿಗ ದುರಸ್ತಿ ಮಾಡಿದ್ದ ಬೆಸುಗೆಯ ಗುರುತಿನಿಂದ, ಸತ್ತವನಾರೆಂಬುದನ್ನು ಹೇಳಿತು. ಕತೆಗಾರನೇ ನ್ಯಾಯಾಲಯದಲ್ಲಿ ಸಾಕ್ಷಿ ನುಡಿದ. 1932ರ ಜೂನಿನಲ್ಲಿ ರೌಲ್ಸನಿಗೆ ಗಲ್ಲು. ಅಷ್ಟರೊಳಗೆ 1931ರಲ್ಲಿ ಕಾದಂಬರಿ 'ದ ಸ್ಯಾಂಡ್ಸ್ ಆಫ್ ವಿಂಡಿ' ಪ್ರಕಟವಾಗಿತ್ತು. ಪತ್ತೇದಾರಿ ಪುಸ್ತಕಗಳು ಮಕ್ಕಳನ್ನು ಕೆಡಿಸುತ್ತವೆಂದು ಶಿಕ್ಷಕರ ಕೊಠಡಿಯಲ್ಲಿ ವಾದಿಸುತ್ತಿದ್ದ ಕಾಲದಲ್ಲಿ ಈ ಪ್ರಸಂಗ ನನಗೆ ತಿಳಿದಿರಲಿಲ್ಲ. ತಿಳಿದಿದ್ದರೆ ಬಿಡುತ್ತಿರಲಿಲ್ಲ!

ಮರಳಿ ನವಾಹೋ ಸೀಮೆಗೆ. ಹಿಲ್ಲರ್‌ಮನ್ ಪುಸ್ತಕಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು 1988ರ 'ಎ ಥೀಫ್ ಆಫ್ ಟೈಮ್'. ಪ್ರಾಚೀನ ಸಮಾಧಿಗಳನ್ನು ಅಗೆದು ಮಡಕೆಗಳನ್ನು ಕದ್ದು ಮಾರುವವರ ಕತೆ. ಈ ಕಳ್ಳತನಕ್ಕೆ ಅಲ್ಲಿ ದೀರ್ಘ ಇತಿಹಾಸವಿದೆ. 1888ರಲ್ಲಿ ಮೇಸಾ ವೆರ್ಡೆಯ ಬಂಡೆಮನೆಗಳನ್ನು ಹೊರಲೋಕಕ್ಕೆ ಪರಿಚಯಿಸಿದ ರಿಚರ್ಡ್ ವೆದರಿಲ್ ಎಂಬ ದನಗಾಹಿ ಚಾಕೋ ಕಣಿವೆಯಲ್ಲೂ ಅಗೆತ ನಡೆಸಿದ. ಅವನಂಥವರ ಕೆಲಸವನ್ನು ಕಂಡು ಎಚ್ಚೆತ್ತೇ 1906ರಲ್ಲಿ ಪ್ರಾಚ್ಯವಸ್ತುಗಳ ರಕ್ಷಣೆಯ ಕಾನೂನು ಬಂತು. 1910ರಲ್ಲಿ ನವಾಹೋ ಒಬ್ಬನ ಗುಂಡಿಗೆ ಅವನೂ ಬಲಿಯಾದ. 1979ರಲ್ಲಿ ಇನ್ನೂ ಕಠಿಣವಾದ ಕಾನೂನು ಬಂದರೂ ಕಳ್ಳತನ ನಿಲ್ಲಲಿಲ್ಲ. 2009ರ ಜೂನಿನಲ್ಲಿ ಯೂಟಾದ ಬ್ಲ್ಯಾಂಡಿಂಗ್ ಪಟ್ಟಣದಲ್ಲಿ ಒಕ್ಕೂಟದ ಅಧಿಕಾರಿಗಳು ದೊಡ್ಡ ದಾಳಿ ನಡೆಸಿದರು. ಸಿಕ್ಕಿಬಿದ್ದವರಲ್ಲಿ ಊರಿನ ಗಣ್ಯರೂ ಇದ್ದರು. ಆರೋಪಿಗಳಿಬ್ಬರು, ಬಳಿಕ ಸರ್ಕಾರಕ್ಕೆ ಸುಳಿವು ಕೊಟ್ಟವನೂ ಆತ್ಮಹತ್ಯೆ ಮಾಡಿಕೊಂಡರು. ನಮ್ಮ ಪಾಳುಗುಡಿಗಳಲ್ಲಿ ನಿಧಿಗಾಗಿ ಗರ್ಭಗುಡಿಯನ್ನೇ ಅಗೆದಿರುವುದನ್ನು ಮಕ್ಕಳಿಗೆ ಪ್ರವಾಸದಲ್ಲಿ ತೋರಿಸಿದ್ದೇನೆ. ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು.

ಆ ಕಾದಂಬರಿ ಪ್ರಿಯವಾಗಲು ಬೇರೊಂದು ಕಾರಣವಿದೆ. ಅದರಲ್ಲಿ ಲೀಪ್‌ಹಾರ್ನನ ಹೆಂಡತಿ ಎಮ್ಮಾ ತೀರಿಹೋಗಿದ್ದಾಳೆ. ಕೆಲಸಕ್ಕೆ ರಾಜೀನಾಮೆಯಿತ್ತು ಕೊನೆಯ ರಜೆಯ ದಿನಗಳನ್ನು ಎಣಿಸುತ್ತಿದ್ದಾನೆ. ಯಾವುದೂ ಬೇಡವಾದ ಮನುಷ್ಯನಿಗೆ ಕಾಣೆಯಾದ ಒಬ್ಬ ಸಂಶೋಧಕಿಯ ಪ್ರಕರಣ ಸ್ವಲ್ಪ ಕುತೂಹಲ ಹುಟ್ಟಿಸುತ್ತದೆ, ಆ ಕುತೂಹಲ ಹಿಡಿದುಕೊಂಡು ಬದುಕಿನತ್ತ ಒಂದೊಂದೇ ಹೆಜ್ಜೆ ಹಿಂದಿರುಗುತ್ತಾನೆ. ನಿವೃತ್ತಿಯಾದ ಮೊದಲ ಜೂನ್ ತಿಂಗಳಲ್ಲಿ ಶಾಲೆಯ ಗಂಟೆಯ ಹೊತ್ತಿಗೆ ಸರಿಯಾಗಿ ಅಂಗಿ ತೊಟ್ಟು ಜಗಲಿಯಲ್ಲಿ ಕುಳಿತಿರುತ್ತಿದ್ದ ನನಗೆ ಈ ಭಾಗವನ್ನು ಓದುವಾಗ ಕಣ್ಣು ಮಂಜಾಯಿತು. 1996ರ 'ದ ಫಾಲನ್ ಮ್ಯಾನ್' ಹೊತ್ತಿಗೆ ಲೀಪ್‌ಹಾರ್ನ್ ನಿಜವಾಗಿಯೂ ನಿವೃತ್ತ. ಹಳೆಯ ಠಾಣೆಗೆ ಹೋದರೆ ಹೊಸ ಹುಡುಗರಿಗೆ ಇವನ ಗುರುತಿಲ್ಲ. ಆದರೂ ಪ್ರಕರಣಗಳು ಹುಡುಕಿಕೊಂಡು ಬರುತ್ತವೆ. ಕರಡಿನಲ್ಲಿ ಹಿಂದೆ ಸರಿದಿದ್ದ ಹವ್ಯಾಸಿ ಪತ್ತೇದಾರ ಹೀಗೆ ಇಪ್ಪತ್ತಾರು ವರ್ಷಗಳ ನಂತರ ಬೇರೆ ವೇಷದಲ್ಲಿ ಬಂದ.

ನವಾಹೋ ಆಡಳಿತ 1987ರಲ್ಲಿ ಹಿಲ್ಲರ್‌ಮನ್‌ರನ್ನು ತಮ್ಮ ಜನರ ವಿಶೇಷ ಮಿತ್ರನೆಂದು ಗೌರವಿಸಿತು. ಆದರೂ ಹೊರಗಿನವನು ಬಂದು ನಮ್ಮ ಆಚರಣೆಗಳನ್ನು ಕತೆಯ ಸಾಮಗ್ರಿ ಮಾಡಿಕೊಂಡನಲ್ಲ ಎಂಬ ಆಕ್ಷೇಪವೂ ಇದೆ. ಅದನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲವೆಂದು ನನ್ನ ಭಾವನೆ. ಅವರ ಮರಣಾನಂತರ ಮಗಳು ಆನ್ ಹಿಲ್ಲರ್‌ಮನ್ 2013ರಿಂದ ಮಾಲೆಯನ್ನು ಮುಂದುವರಿಸಿ, ಬರ್ನಡೆಟ್ ಎಂಬ ನವಾಹೋ ಮಹಿಳಾ ಅಧಿಕಾರಿಯನ್ನು ಮುಂದಕ್ಕೆ ತಂದಿದ್ದಾರೆ. 2022ರಲ್ಲಿ ಈ ಕತೆಗಳನ್ನಾಧರಿಸಿ 'ಡಾರ್ಕ್ ವಿಂಡ್ಸ್' ಧಾರಾವಾಹಿ ಆರಂಭವಾಯಿತು. ಲೀಪ್‌ಹಾರ್ನನಾಗಿ ಝಾನ್ ಮೆಕ್ಲಾರ್ನನ್ ಬಹಳ ಗಾಂಭೀರ್ಯದಿಂದ ನಟಿಸಿದ್ದಾರೆ. ಅದೇ ವರ್ಷ ರಮೋನಾ ಎಮರ್ಸನ್ ಎಂಬ ನವಾಹೋ ಲೇಖಕಿಯ 'ಶಟರ್' ಕಾದಂಬರಿ ಬಂತು. ನಾಯಕಿ ರೀಟಾ ಪತ್ತೇದಾರಳಲ್ಲ; ಆಲ್ಬುಕರ್ಕಿ ಪೊಲೀಸರಿಗಾಗಿ ಅಪರಾಧ ನಡೆದ ಸ್ಥಳಗಳ ಛಾಯಾಚಿತ್ರ ತೆಗೆಯುವವಳು. ಸತ್ತವರು ಅವಳಿಗೆ ಕಾಣುತ್ತಾರೆ, ನ್ಯಾಯ ಬೇಕೆಂದು ಪೀಡಿಸುತ್ತಾರೆ. ಸತ್ತವರ ಹೆಸರೆತ್ತಲೂ ಅಂಜುವ ಅಜ್ಜಿಯ ಕೈಯಲ್ಲಿ ಬೆಳೆದ ಹುಡುಗಿ! ಲೇಖಕಿ ಸ್ವತಃ ಅಂಥ ಛಾಯಾಗ್ರಹಣದ ವೃತ್ತಿಯಲ್ಲಿದ್ದವರು. ಈ ಪುಸ್ತಕದಲ್ಲಿ ಆಚರಣೆಗಳ ವಿವರಣೆ ಕಡಿಮೆ. ಮನೆಯವರು ಮನೆಯ ವಿಷಯವನ್ನು ಹೊರಗಿನವರಿಗೆ ಬಿಡಿಸಿ ಹೇಳುವ ಗೋಜಿಗೆ ಹೋಗುವುದಿಲ್ಲವಲ್ಲ. ಓದುಗ ತಾನೇ ಸ್ವಲ್ಪ ಕಷ್ಟಪಡಬೇಕು.

ಮೊದಲು ಯಾವುದನ್ನು ಓದಬೇಕೆಂದು ಇಬ್ಬರು ಕೇಳಿದ್ದಾರೆ. ಹ್ಯೂಸರ ಪುಸ್ತಕದಿಂದ ಆರಂಭಿಸಿ. ಗುಟ್ಟನ್ನು ನಾನು ಹಾಳುಮಾಡಿದ್ದರೂ ಓದುವ ಸುಖಕ್ಕೆ ಕುಂದಿಲ್ಲ. ಅದೂ 'ಎ ಥೀಫ್ ಆಫ್ ಟೈಮ್' ಕೂಡ ನನ್ನ ಬಳಿ ಇವೆ, ಮನೆಗೆ ಬಂದವರು ಒಯ್ಯಬಹುದು. ಹಿಂದಿರುಗಿಸುವ ದಿನಾಂಕವನ್ನು ನನ್ನ ಹಳೆಯ ಹಾಜರಿ ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕು. ಇನ್ನು, ಒಂಬತ್ತನೆಯ ತರಗತಿಯ ಆ 'ಪತ್ತೇದಾರ ಪುರುಷೋತ್ತಮ' ರಟ್ಟು ಕಿತ್ತಿದ್ದರೂ ನನ್ನ ಬೀರುವಿನಲ್ಲಿ ಕ್ಷೇಮವಾಗಿದ್ದಾನೆ. ಮೊದಲ ಪುಟದಲ್ಲಿ ಒಡೆಯನ ಹೆಸರು, ಕ್ರಮಸಂಖ್ಯೆ ಎರಡೂ ಇವೆ. ಬಂದು ತೆಗೆದುಕೊಂಡು ಹೋಗಪ್ಪಾ.